ಊರಿನ ರಂಗತಂಡ ಕಾಲೇಜಿನ ಒಳಗಿರಬೇಕೆ, ಹೊರಗಿರಬೇಕೆ?

ಒಂದು ಬಸ್ ನಿಲ್ದಾಣ, ಒಂದು ಸಂತೆಮಾಳ, ನಾಲ್ಕು ಕಲ್ಯಾಣ ಮಂಟಪ, ಊರಂಚಿನಲ್ಲಿ ಒಂದು ಪದವಿ ಕಾಲೇಜು. ತಾಲ್ಲೂಕು ಕೇಂದ್ರವೆಂದರೆ ಸಾಮಾನ್ಯವಾಗಿ ಇಷ್ಟೇ. ಇಂಥ ಊರಲ್ಲಿ ನಾಟಕದ ಹುಚ್ಚಿರುವ ಹದಿನೈದು ಜನ ಸೇರಿದರೆ ಮೊದಲ ವಾರದಲ್ಲೇ ಏಳುವ ಪ್ರಶ್ನೆ ಇದು.

ಪರ: ಕಾಲೇಜೇ ಸರಿಯಾದ ಮನೆ

ಜಾಗದಿಂದಲೇ ಶುರುಮಾಡೋಣ. ಕಲ್ಯಾಣ ಮಂಟಪದ ವೇದಿಕೆ ವಧೂವರರ ಕುರ್ಚಿಗೆ ಆಗುತ್ತದೆ, ನಾಟಕಕ್ಕಲ್ಲ. ಆಳ ಹತ್ತು-ಹನ್ನೆರಡು ಅಡಿ, ಮೇಲೆ ತಗ್ಗಿದ ಸೀಲಿಂಗು, ದೀಪ ತೂಗುಹಾಕಲು ಒಂದು ಕೊಕ್ಕೆಯೂ ಇಲ್ಲ. ಲಗ್ನದ ತಿಂಗಳುಗಳಲ್ಲಂತೂ ಬಾಡಿಗೆಗೂ ಸಿಗದು. ಕಾಲೇಜಿನ ಸಭಾಂಗಣ ಆದರ್ಶವೇನಲ್ಲ, ಆದರೆ ತಿದ್ದಿಕೊಳ್ಳಬಹುದು. ಇಪ್ಪತ್ತನಾಲ್ಕು ಅಡಿ ಅಗಲ, ಹದಿನೆಂಟು ಅಡಿ ಆಳ ಇದ್ದರೆ ಸಾಕು. ಹಿಂದಿನ ಗೋಡೆಯಿಂದ ಮೂರು ಅಡಿ ಬಿಟ್ಟು ಕಪ್ಪು ಪರದೆ ಕಟ್ಟಬೇಕು. ಈ ಮೂರಡಿ ಉಳಿಸದವರು ನಟನನ್ನು ಎಡದಿಂದ ಬಲಕ್ಕೆ ಕಳಿಸಲು ಕಟ್ಟಡವನ್ನೇ ಸುತ್ತಿಸಬೇಕಾಗುತ್ತದೆ, ಮಳೆಗಾಲದಲ್ಲಿ ಅವನು ಒದ್ದೆಯಾಗಿ ರಂಗಕ್ಕೆ ಬರುತ್ತಾನೆ. ಎರಡೂ ಬದಿಗೆ ನಟರು ಮರೆಯಲ್ಲಿ ನಿಲ್ಲಲು ಎರಡೆರಡು ವಿಂಗ್ (ಪಕ್ಕದ ಪರದೆ), ವೇದಿಕೆಯ ಮುಂದೆ ಅಡ್ಡಲಾಗಿ ದೀಪ ತೂಗುಹಾಕಲು ಒಂದು ಜಿಐ ಪೈಪು. ಇಷ್ಟನ್ನು ಒಮ್ಮೆ ಕೂರಿಸಿದರೆ ವರ್ಷಗಟ್ಟಲೆ ನಡೆಯುತ್ತದೆ. ಬಾಡಿಗೆ ಮಂಟಪದಲ್ಲಿ ಪ್ರತಿಸಲವೂ ಕಟ್ಟಿ ಬಿಚ್ಚಬೇಕು.

ಇನ್ನು ಕರೆಂಟು. ಹಳೆಯ ಸಾವಿರ ವಾಟಿನ ಪಾರ್ ಲೈಟು, ಅಂದರೆ ಹ್ಯಾಲೊಜೆನ್ ರಂಗದೀಪ, ಹನ್ನೆರಡು ಇಟ್ಟರೆ ಹನ್ನೆರಡು ಕಿಲೋವಾಟ್, ಅಂದರೆ 230 ವೋಲ್ಟಿನಲ್ಲಿ ಸುಮಾರು 52 ಆಂಪಿಯರ್. ಇದನ್ನು ಒಂದೇ ಫೇಸಿನ ಮೇಲೆ ಹೇರಿದರೆ ಎರಡನೆಯ ದೃಶ್ಯದಲ್ಲೇ ಎಂಸಿಬಿ (ಲೋಡ್ ಮೀರಿದರೆ ಕರೆಂಟು ಕಡಿಯುವ ಸ್ವಿಚ್ಚು) ಬೀಳುತ್ತದೆ, ಪ್ರೇಕ್ಷಕರು ಅದನ್ನೂ ನಾಟಕದ ಭಾಗವೆಂದು ಚಪ್ಪಾಳೆ ತಟ್ಟುತ್ತಾರೆ. ಮೂರು ಫೇಸಿಗೆ ನಾಲ್ಕು ನಾಲ್ಕರಂತೆ ಹಂಚಿದರೆ ತಲಾ 17 ಆಂಪಿಯರ್, ನಿಶ್ಚಿಂತೆ. ಊರಲ್ಲಿ ತ್ರೀ ಫೇಸ್ ಸಂಪರ್ಕ, ಲೋಡ್ ತಿಳಿದ ಎಲೆಕ್ಟ್ರಿಷಿಯನ್, ಕರೆಂಟು ಹೋದರೆ ಜನರೇಟರ್ ಎಲ್ಲವೂ ಒಟ್ಟಿಗಿರುವ ಜಾಗ ಬಹುತೇಕ ಕಾಲೇಜೊಂದೇ.

ಆದರೆ ಜಾಗಕ್ಕಿಂತ ದೊಡ್ಡ ಕಾರಣ ಬೇರೆಯಿದೆ. ಸಣ್ಣ ಊರಿನಲ್ಲಿ ಹೆಣ್ಣುಮಕ್ಕಳು ಸಂಜೆ ತಾಲೀಮಿಗೆ ಬರಬೇಕು. ‘ಕಾಲೇಜಲ್ಲಿ ನಾಟಕ ಇದೆ, ಮೇಡಂ ಇರ್ತಾರೆ’ ಎಂದರೆ ಮನೆಯಲ್ಲಿ ಒಪ್ಪುತ್ತಾರೆ. ‘ಸಂತೆಮಾಳದ ಹಿಂದಿನ ಗೋದಾಮಿನಲ್ಲಿ ತಾಲೀಮು’ ಎಂದರೆ ಒಪ್ಪುವುದಿಲ್ಲ. ಇದು ನ್ಯಾಯವೋ ಅನ್ಯಾಯವೋ ಎನ್ನುವುದು ಬೇರೆ ಚರ್ಚೆ. ಆದರೆ ತಂಡದಲ್ಲಿ ಗಂಡಸರೇ ತುಂಬಿ, ಸ್ತ್ರೀಪಾತ್ರವಿಲ್ಲದ ನಾಟಕ ಹುಡುಕುತ್ತ ಕೂರುವ ಗತಿ ಬರುವುದು ಇಲ್ಲಿಂದಲೇ.

ಕಾಲೇಜು ಊರಿಗೆ ಕೊಡುವುದು ಬರೀ ಗೋಡೆ-ಪರದೆಯನ್ನಲ್ಲ. 1960ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಕನ್ನಡದ ನವ್ಯ ಕಾವ್ಯದ ಮುಂಚೂಣಿಯ ಕವಿಯೊಬ್ಬ ಅಡಿಕೆ ಮಂಡಿಯ ಊರಿಗೆ ಬಂದು ನೆಲೆಸಿದ್ದು ಅಲ್ಲೊಂದು ಕಾಲೇಜು ಇದ್ದದ್ದರಿಂದ. ಇವತ್ತಿಗೂ ಹೊರಗಿನಿಂದ ಓದು, ಅಭಿರುಚಿ ಹೊತ್ತು ಬರುವ ಮೇಷ್ಟ್ರುಗಳನ್ನು ಇಂಥ ಊರಿಗೆ ತಂದು ಕೂರಿಸುವ ಸಂಸ್ಥೆ ಬೇರೆ ಯಾವುದಿದೆ?

ವಿರೋಧ: ಬೀಗದ ಕೈ ಯಾರ ಹತ್ತಿರ?

ಸಾಗರದ ಮಾತು ಎತ್ತಿದ್ದೀರಿ, ಹಾಗಾದರೆ ಅಲ್ಲಿಂದ ಕೆಲವೇ ಮೈಲಿ ಮುಂದೆ ಹೋಗೋಣ. ಹೆಗ್ಗೋಡಿನಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಹುಟ್ಟಿದ್ದು 1949ರಲ್ಲಿ, ಯಾವ ಕಾಲೇಜಿನ ಆಸರೆಯೂ ಇಲ್ಲದೆ. ಅಡಿಕೆ ತೋಟದವರು, ಊರಿನವರು ಸೇರಿ ನಾಟಕ ಆಡಿದರು. ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ, ಊರೂರು ಸುತ್ತಿ ನಾಟಕ ಆಡುವ ತಂಡ ‘ತಿರುಗಾಟ’ 1985ರಲ್ಲಿ. ಮೊದಲು ನೋಡುವ ಜನ, ಆಮೇಲೆ ಕಲಿಸುವ ಶಾಲೆ. ಈ ಅನುಕ್ರಮ ಕಾಕತಾಳೀಯವಲ್ಲ. ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣ ಯಾವುದೋ ಪ್ರಾಂಶುಪಾಲರ ಅನುಮತಿ ಪತ್ರಕ್ಕೆ ಕಾದು ಕೂತಿದ್ದರೆ ಇದರಲ್ಲಿ ಎಷ್ಟು ಆಗುತ್ತಿತ್ತು? ಹೆಗ್ಗೋಡು ಅಪವಾದ, ಸುಬ್ಬಣ್ಣನಂಥವರು ಎಲ್ಲ ಊರಲ್ಲೂ ಹುಟ್ಟುವುದಿಲ್ಲ ಎನ್ನುವಿರಿ. ಒಪ್ಪಿದೆ. ಅಡಿಗರಂಥ ಪ್ರಾಂಶುಪಾಲರೂ ಹುಟ್ಟುವುದಿಲ್ಲ.

ಕಾಲೇಜಿನ ತಂಡ ಸೊರಗುವುದು ಕ್ಯಾಲೆಂಡರಿನಿಂದ. ಒಂದೂವರೆ ಗಂಟೆಯ ನಾಟಕಕ್ಕೆ ದಿನಕ್ಕೆರಡು ಗಂಟೆಯಂತೆ ನಲವತ್ತು-ನಲವತ್ತೈದು ದಿನದ ತಾಲೀಮು ಬೇಕು. ಸೆಮಿಸ್ಟರಿನಲ್ಲಿ ಆಂತರಿಕ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ, ಮುಖ್ಯ ಪರೀಕ್ಷೆ, ರಜೆ ಕಳೆದರೆ ಒಂದೇ ಸಮ ನಲವತ್ತು ದಿನ ಎಲ್ಲಿದೆ? ಇಪ್ಪತ್ತು ದಿನಕ್ಕೆ ತಡೆ, ಮತ್ತೆ ಹದಿನೈದು ದಿನಕ್ಕೆ ತಡೆ. ಎರಡನೆಯ ಸಲ ಸೇರುವಾಗ ಮಾತು ಮರೆತಿರುತ್ತದೆ, ಚಲನೆ ಮರೆತಿರುತ್ತದೆ, ಒಬ್ಬ ನಟ ಬೇರೆ ಊರಿಗೆ ಹೋಗಿರುತ್ತಾನೆ. ಮೂರು ವರ್ಷಕ್ಕೆ ತಂಡವೇ ಖಾಲಿ. ಪಾತ್ರವೊಂದು ಮೈಗೆ ಹತ್ತುವ ಹೊತ್ತಿಗೆ ಹುಡುಗನಿಗೆ ಕಾಲೇಜು ಬಿಡುವ ವರ್ಗಾವಣೆ ಪತ್ರ (ಟಿ.ಸಿ.) ಸಿಕ್ಕಿರುತ್ತದೆ. ಮೇಷ್ಟ್ರಿಗೂ ಅಷ್ಟೆ. ಸರ್ಕಾರಿ ಕಾಲೇಜಾದರೆ ವರ್ಗವಾಗುತ್ತಾರೆ, ಅತಿಥಿ ಉಪನ್ಯಾಸಕರಾದರೆ ಮುಂದಿನ ವರ್ಷ ಇರುವ ಖಾತ್ರಿಯೇ ಇಲ್ಲ. ಇಡೀ ನಾಟಕ ಸಂಘ ಒಬ್ಬರ ಸ್ಕೂಟರಿನ ಹಿಂದೆ ಕೂತು ಊರು ಬಿಡುತ್ತದೆ.

ಊರಿನ ಬದುಕಿಗೆ ಬೇರೆಯದೇ ಪಂಚಾಂಗವಿದೆ. ಮಲೆನಾಡಲ್ಲಿ ಅಡಿಕೆಗೊನೆಯ ಕೊಯ್ಲು ಶುರುವಾದರೆ ಚಳಿಗಾಲದುದ್ದಕ್ಕೂ ರಾತ್ರಿ ಅಡಿಕೆ ಸುಲಿತ, ಯಾರೂ ತಾಲೀಮಿಗೆ ಬರಲಾರರು. ಮಳೆಗಾಲದ ಸಂಜೆಗಳು ಬಿಡುವು. ಆದ್ದರಿಂದ ಊರಿನ ತಂಡ ಮಳೆಯಲ್ಲಿ ತಾಲೀಮು ಮುಗಿಸಿ ಕೊಯ್ಲಿಗೆ ಮುಂಚೆ ಪ್ರದರ್ಶನ ಮಾಡುತ್ತದೆ. ಒಂದೇ ಎಚ್ಚರಿಕೆ: ಶೀಟಿನ ಮಾಡಿನ ಕೆಳಗೆ ತಾಲೀಮು ಇಟ್ಟುಕೊಳ್ಳಬೇಡಿ. ಮಳೆಯ ಸದ್ದಿಗೆ ನಟರು ಕೂಗಲು ಕಲಿಯುತ್ತಾರೆ, ಆ ಕೂಗು ಆಮೇಲೆ ಬಿಡುವುದಿಲ್ಲ.

ಅಭಿರುಚಿಯ ವಿಷಯಕ್ಕೆ ಬಂದರೆ, ಕಾಲೇಜಿನ ನಾಟಕದ ಗುರಿ ವಿಶ್ವವಿದ್ಯಾಲಯದ ಯುವಜನೋತ್ಸವದ ಸ್ಪರ್ಧೆ. ಏಕಾಂಕಕ್ಕೆ ಮೂವತ್ತು ನಿಮಿಷ, ರಂಗದ ಮೇಲೆ ಒಂಬತ್ತು ಜನ. ಪ್ರಹಸನಕ್ಕೆ ಹತ್ತು ನಿಮಿಷ, ಆರು ಜನ. ತೀರ್ಪುಗಾರರ ಕಣ್ಣಿಗೆ ಬೀಳಲು ಎಲ್ಲರೂ ಒಟ್ಟಿಗೆ ಕುಣಿಯುವುದು, ಕೊನೆಗೆ ಒಂದು ಆರ್ಭಟ, ಕೆಂಪು ದೀಪ. ಬಹುಮಾನದ ಫಲಕ ಪ್ರಾಂಶುಪಾಲರ ಕೋಣೆ ಸೇರುತ್ತದೆ. ನಾಟಕವನ್ನು ಊರು ನೋಡಿಯೇ ಇರುವುದಿಲ್ಲ.

ದೀಪದ ಲೆಕ್ಕ ಸರಿಯಾಗಿದೆ, ಆದರೆ ಹಳೆಯದು. ನೂರೈವತ್ತು ವಾಟಿನ ಎಲ್‌ಇಡಿ ಪಾರ್ ಹನ್ನೆರಡು ಸೇರಿದರೂ 1.8 ಕಿಲೋವಾಟ್. ಅಡುಗೆಮನೆಯ 16 ಆಂಪಿಯರ್ ಸಾಕೆಟ್ಟೇ ಹೊರುತ್ತದೆ. ಮುಖಕ್ಕೆ ಬೀಳುವ ಬೆಳಕು ಹ್ಯಾಲೊಜೆನ್ನಿನಷ್ಟು ಹಿತವಲ್ಲ ನಿಜ, ಎರಡು ಹ್ಯಾಲೊಜೆನ್ ಉಳಿಸಿಕೊಂಡು ಬೇರೆ ಬೇರೆ ಫೇಸಿಗೆ ಸಿಕ್ಕಿಸಿ.

ಹೆಣ್ಣುಮಕ್ಕಳ ಮಾತಿಗೆ ಸುಲಭದ ಉತ್ತರವಿಲ್ಲ. ಅದು ನಿಮ್ಮ ಗಟ್ಟಿ ವಾದ. ಆದರೆ ಆ ಅನುಮತಿ ಕಾಲೇಜಿನ ಗುರುತಿನ ಚೀಟಿಯಷ್ಟೇ ದಿನ ಬಾಳುತ್ತದೆ. ಪದವಿ ಮುಗಿದ ಮರುದಿನದಿಂದ ಅವಳು ರಂಗದಿಂದ ಮಾಯ. ಬ್ಯಾಂಕಿನಲ್ಲಿರುವ ಹೆಂಗಸು, ಅಂಗನವಾಡಿ ಕಾರ್ಯಕರ್ತೆ, ಟೈಲರ್ ಅಂಗಡಿಯಾಕೆ ಎಂದೂ ಆ ಗೇಟಿನ ಒಳಗೆ ಬಂದವರೇ ಅಲ್ಲ. ತಾಲೀಮನ್ನು ಆರರಿಂದ ಏಳೂವರೆಗೆ ಇಳಿಸಿ, ಸದಸ್ಯರೊಬ್ಬರ ಮನೆಯ ಜಗುಲಿಯಲ್ಲಿ ಮಾಡಿ, ಕೊನೆಯ ಬಸ್ಸಿನ ಹೊತ್ತಿಗೆ ಸರಿಯಾಗಿ ಬಿಡಿ, ಆಟೊ ಖರ್ಚನ್ನು ತಂಡದ ಲೆಕ್ಕಕ್ಕೆ ಹಾಕಿ. ಮೊದಲ ಪ್ರದರ್ಶನಕ್ಕೆ ಮನೆಯವರಿಗೆ ಮುಂದಿನ ಸಾಲಿನ ಕುರ್ಚಿ ಕೊಡಿ. ಎರಡನೆಯ ನಾಟಕಕ್ಕೆ ಅತ್ತೆಯೇ ‘ಹೊತ್ತಾಯ್ತು, ಹೋಗು’ ಎನ್ನುತ್ತಾಳೆ.

ಪ್ರದರ್ಶನದ ದಿನ ಕಾಲೇಜಿನ ಸಭಾಂಗಣ ಬೇಕಾದರೆ ಬಾಡಿಗೆ ಕೊಟ್ಟು ರಸೀದಿ ತೆಗೆದುಕೊಳ್ಳೋಣ. ನೂರು ರೂಪಾಯಿಯ ಇನ್ನೂರೈವತ್ತು ಟಿಕೆಟು ಹೋದರೆ ಕೈಯಲ್ಲಿ ಇಪ್ಪತ್ತೈದು ಸಾವಿರ ಇರುತ್ತದೆ. ಟಿಕೆಟ್ಟನ್ನು ವಾಟ್ಸಾಪಿನಲ್ಲಿ ಹಂಚಿದರೆ ‘ಖಂಡಿತ ಬರ್ತೀವಿ’ ಎಂದವರಲ್ಲಿ ಮುಕ್ಕಾಲು ಜನ ಬರುವುದಿಲ್ಲ. ಹದಿನೈದು ದಿನ ಮೊದಲೇ ಮನೆಮನೆಗೆ ಹೋಗಿ, ಚಹಾ ಕುಡಿದು, ಕಾಸು ಪಡೆದು ಮಾರಬೇಕು. ಜವಾನ ಆರು ಗಂಟೆಗೆ ಬೀಗ ಹಾಕುವ ಜಾಗದಲ್ಲಿ ಕೂತವರು ಆ ಮನೆಗಳ ಬಾಗಿಲು ಬಡಿಯುವುದನ್ನು ಕಲಿತಿರುವುದಿಲ್ಲ.