ಮೊದಲು ನೀರಿನ ಕೆಳಗೆ ನೋಡೋಣ

ನನ್ನ ಮೇಜಿನ ಮೇಲೆ ಒಂದು ಶ್ಯಾಕಲ್ ಇದೆ. ಲಂಗರಿನ ಸರಪಳಿಯನ್ನು ಜೆಟ್ಟಿಗೆ ಸೇರಿಸುವ, ಕುದುರೆ ಲಾಳದ ಆಕಾರದ ಕೊಂಡಿ. ಹೊಸದಾಗಿದ್ದಾಗ ಅದರ ಪಿನ್ನು ನನ್ನ ಹೆಬ್ಬೆರಳಷ್ಟು ದಪ್ಪ ಇತ್ತು. ಈಗ ನಡುವೆ ಪೆನ್ಸಿಲ್‌ಗಿಂತ ಸಣ್ಣಗಾಗಿದೆ. ತುಕ್ಕು ತಿಂದದ್ದಲ್ಲ. ಸರಪಳಿ ಕೂರುವ ಜಾಗದಲ್ಲಿ ಮಾತ್ರ ಸವೆದಿದೆ. ಅಲ್ಲಿ ಬೆರಳಿಟ್ಟರೆ ಗಾಜಿನ ಹಾಗೆ ನುಣುಪು. ಹಗಲೂ ರಾತ್ರಿ, ಒಂದೊಂದು ಅಲೆಗೂ ಒಂದೊಂದು ಸಲ ಉಜ್ಜಿ ಉಜ್ಜಿ ಹೀಗಾಗಿದೆ.

ಎರಡು ವರ್ಷದ ಹಿಂದೆ ಗಾಳಿ ಜೋರಾಗಿದ್ದ ಒಂದು ರಾತ್ರಿ ಇದರ ಜೋಡಿ ಶ್ಯಾಕಲ್ ತುಂಡಾಯಿತು. ಎರಡು ಗಂಟೆಗೆ ಫೋನ್ ಬಂತು. "ಅಣ್ಣಾ, ಜೆಟ್ಟಿ ತಿರುಗ್ತಾ ಇದೆ, ಬೇಗ ಬನ್ನಿ" ಅಂದರು ಪಕ್ಕದ ದೋಣಿಯವರು. ನಾನು ಹೋಗುವಷ್ಟರಲ್ಲಿ ತೇಲುವ ಜೆಟ್ಟಿಯ ತುದಿಭಾಗ ಕಟ್ಟಿದ್ದ ಆರು ದೋಣಿಗಳ ಸಮೇತ ಕಲ್ಲಿನ ಕಟ್ಟೆಗೆ ಬಡಿಯುತ್ತಿತ್ತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಯಾರಿಗೂ ಪೆಟ್ಟಾಗಲಿಲ್ಲ ಅನ್ನುವುದೊಂದೇ ಸಮಾಧಾನ.

ಈಗ ನಮ್ಮ ಪುಟ್ಟ ಬಂದರಿಗೆ ಇನ್ನೊಂದು ಸಾಲು ತೇಲುವ ಜೆಟ್ಟಿ ಸೇರಿಸೋಣ ಅಂತ ಸಮಿತಿಯಲ್ಲಿ ಮಾತು ನಡೆದಿದೆ. ನನಗೆ ಖುಷಿ ಇದೆ. ಜಾಗ ಸಾಲದೆ ಎಷ್ಟೋ ಜನ ಕಾಯುತ್ತಿದ್ದಾರೆ. ಆದರೆ ಮೂರು ಸಭೆ ಆಯಿತು, ಮೂರರಲ್ಲೂ ನಾವು ಮಾತಾಡಿದ್ದು ಮೇಲಿನ ಹಲಗೆ ಮರದ್ದಾ ಪ್ಲಾಸ್ಟಿಕ್ಕಿನದ್ದಾ, ದೀಪ ಎಲ್ಲಿ ಹಾಕೋಣ, ಎಷ್ಟು ದೋಣಿ ಹಿಡಿಯುತ್ತೆ ಅಂತ ಮಾತ್ರ. ಲಂಗರಿನ ಮಾತು ಒಂದು ಸಲವೂ ಬರಲಿಲ್ಲ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ತೇಲುವ ಜೆಟ್ಟಿಯೇ ಬೇಕು ಅನ್ನುವವರ ಪರ ನಾನೂ ಇದ್ದೇನೆ. ಕಂಬದ ಮೇಲೆ ಕಟ್ಟಿದ ಜೆಟ್ಟಿ ನಿಂತಲ್ಲೇ ನಿಂತಿರುತ್ತದೆ, ನೀರು ಮಾತ್ರ ಏರುತ್ತದೆ, ಇಳಿಯುತ್ತದೆ. ಇಳಿತದ ಹೊತ್ತಿಗೆ ಬಂದರೆ ದೋಣಿಯಿಂದ ಎರಡಾಳು ಎತ್ತರ ಏಣಿ ಹತ್ತಬೇಕು. ಕಟ್ಟಿದ ಹಗ್ಗವನ್ನು ಗಂಟೆಗೊಮ್ಮೆ ಸಡಿಲಿಸಬೇಕು, ಇಲ್ಲದಿದ್ದರೆ ದೋಣಿ ಹಗ್ಗಕ್ಕೆ ನೇತಾಡುತ್ತದೆ. ತೇಲುವ ಜೆಟ್ಟಿ ದೋಣಿಯ ಜೊತೆಯಲ್ಲೇ ಏರಿಳಿಯುತ್ತದೆ. ದೋಣಿಗೂ ಹಲಗೆಗೂ ನಡುವಿನ ಎತ್ತರ ಯಾವಾಗ ನೋಡಿದರೂ ಅಷ್ಟೇ. ಮಗುವನ್ನು ಎತ್ತಿಕೊಂಡವರೂ, ಮಂಡಿ ನೋವಿರುವವರೂ ನೆಮ್ಮದಿಯಾಗಿ ಹತ್ತಿ ಇಳಿಯಬಹುದು. ತಳ ಆಳವಾಗಿದ್ದರೆ, ಮೆತ್ತನೆ ಕೆಸರಾಗಿದ್ದರೆ, ಕಂಬ ಹೂಡುವ ಖರ್ಚೂ ಉಳಿಯುತ್ತದೆ. ಬೇಕಾದಾಗ ಒಂದೊಂದೇ ತುಂಡು ಸೇರಿಸಬಹುದು, ಬೇಡವಾದಾಗ ಬಿಚ್ಚಬಹುದು. ಒಂದು ಮಾತು ಮಾತ್ರ ಮರೆಯಬಾರದು: ತೇಲುತ್ತದೆ ಅಂದ ಮಾತ್ರಕ್ಕೆ ಆಳ ಬೇಡ ಅಂತ ಅಲ್ಲ. ನೀರು ಅತಿ ಕೆಳಗೆ ಇಳಿದಾಗಲೂ, ಹಲಗೆಯನ್ನು ತೇಲಿಸುವ ಪೆಟ್ಟಿಗೆಗಳ ಅಡಿ ತಳಕ್ಕೆ ತಾಗಬಾರದು. ಕಲ್ಲಿನ ಮೇಲೆ ದಿನಕ್ಕೆರಡು ಸಲ ಕೂತು ಏಳುವ ಪೆಟ್ಟಿಗೆ ಬೇಗ ಒಡೆಯುತ್ತದೆ.

ತೇಲುವ ಲೆಕ್ಕ ನಿಜಕ್ಕೂ ಸುಲಭ. 6 ಮೀಟರ್ ಉದ್ದ, 2.5 ಮೀಟರ್ ಅಗಲ ಇರುವ, ಅಡಿ ಪೂರ್ತಿ ನೀರಿಗೆ ತಾಗುವ ಒಂದು ಪೆಟ್ಟಿಗೆ 1 ಸೆಂಟಿಮೀಟರ್ ಮುಳುಗಬೇಕಾದರೆ ಅದರ ಮೇಲೆ ಸುಮಾರು 150 ಕೆಜಿ ಇಡಬೇಕು. ಅಂದರೆ ಇಬ್ಬರು ಹತ್ತಿದರೆ ಒಂದು ಸೆಂಟಿಮೀಟರ್. ಮೂವತ್ತು ಜನ ಹತ್ತಿದರೆ ಒಂದು ಗೇಣಿಗಿಂತ ಕಡಿಮೆ. ಭಾರಕ್ಕೆ ಮುಳುಗುವ ಭಯ ಅಷ್ಟೇನಿಲ್ಲ. ಭಯ ಇರುವುದು ಒಂದೇ ಬದಿಗೆ ಎಲ್ಲರೂ ಓಡಿದಾಗ. ಹಬ್ಬದ ದಿನ ದೋಣಿ ನೋಡಲು ಜನ ಒಂದಂಚಿಗೆ ನಿಂತುಬಿಡುತ್ತಾರಲ್ಲ, ಆಗ ಕಿರಿದಾದ ಜೆಟ್ಟಿ ವಾಲುತ್ತದೆ. ಅಗಲ ಎರಡು ಪಟ್ಟಾದರೆ ವಾಲುವುದಕ್ಕೆ ತಡೆ ಹತ್ತಿರ ಹತ್ತಿರ ಎಂಟು ಪಟ್ಟಾಗುತ್ತದೆ. ಹಾಗಾಗಿ ದುಡ್ಡು ಉಳಿಸಬೇಕು ಅಂತ ಅಗಲ ಕಡಿಮೆ ಮಾಡುವುದು ಬೇಡ. ಬೇಕಿದ್ದರೆ ಉದ್ದ ಕಡಿಮೆ ಮಾಡೋಣ.

ಇನ್ನು ಲಂಗರಿನ ವಿಷಯಕ್ಕೆ ಬರುತ್ತೇನೆ. ನನ್ನ ಹೊಟ್ಟೆಯೊಳಗಿನ ಮಾತು ಇದೇ.

ಜೆಟ್ಟಿಯನ್ನು ಎಳೆಯುವುದು ಜೆಟ್ಟಿಯ ಭಾರವಲ್ಲ, ಅದಕ್ಕೆ ಕಟ್ಟಿದ ದೋಣಿಗಳಿಗೆ ಬಡಿಯುವ ಗಾಳಿ. ಒಂದು 10 ಮೀಟರ್ ದೋಣಿಯನ್ನು ಪಕ್ಕದಿಂದ ನೋಡಿದರೆ ಗಾಳಿಗೆ ಸಿಗುವ ಮೈ 15 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 90 ಕಿಲೋಮೀಟರ್ ಗಾಳಿ ಅದಕ್ಕೆ ಅಡ್ಡ ಬೀಸಿದರೆ ಸುಮಾರು 580 ಕೆಜಿ ತೂಕದಷ್ಟು ನೂಕುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ನೂಕುವ ಬಲ ನಾಲ್ಕು ಪಟ್ಟು. ಸಾಲಾಗಿ ನಿಂತ ದೋಣಿಗಳು ಒಂದಕ್ಕೊಂದು ಸ್ವಲ್ಪ ಮರೆಯಾಗುತ್ತವೆ, ನಿಜ. ಆದರೂ ಇಪ್ಪತ್ತು ದೋಣಿ ಸೇರಿದರೆ ಎಷ್ಟಾಗುತ್ತೆ, ನೀವೇ ಯೋಚಿಸಿ.

ಈಗ ಕೆಳಗೆ ಲಂಗರಾಗಿ ಹಿಡಿದಿರುವುದನ್ನು ನೋಡಿ. "ಒಂದು ಟನ್ ಕಾಂಕ್ರೀಟ್ ಬ್ಲಾಕ್ ಹಾಕಿದ್ದೀವಿ, ಎಲ್ಲಿಗೆ ಹೋಗುತ್ತೆ?" ಅಂತ ಆಗ ನಾವೆಲ್ಲ ಹೇಳುತ್ತಿದ್ದೆವು. ನಾನೂ ಹೇಳಿದ್ದೆ. ದಡದಲ್ಲಿ ಒಂದು ಟನ್ ತೂಗುವ ಕಾಂಕ್ರೀಟ್ ಸಮುದ್ರದ ನೀರಿನೊಳಗೆ ತೂಗುವುದು ಸುಮಾರು 570 ಕೆಜಿ. ತಾನು ಸರಿಸಿದ ನೀರಿನಷ್ಟು ತೂಕ ಅದು ಕಳೆದುಕೊಳ್ಳುತ್ತದೆ. ಮೇಲಾಗಿ ಜೆಟ್ಟಿ ಅದನ್ನು ನೇರ ಮೇಲಕ್ಕೆ ಎಳೆಯುವುದಿಲ್ಲ, ಪಕ್ಕಕ್ಕೆ ಎಳೆಯುತ್ತದೆ. ಬ್ಲಾಕು ತಳದಲ್ಲಿ ಹೂತುಕೊಳ್ಳದೆ ಸುಮ್ನೆ ಮೇಲೆ ಕೂತಿದ್ದರೆ, ಅದನ್ನು ಜರುಗಿಸಲು ಆ 570 ಕೆಜಿ ಬಲವೂ ಬೇಕಿಲ್ಲ. ಒಂದೇ ಒಂದು ದೋಣಿಯ ಮೇಲಿನ ಗಾಳಿ ಒಂದು ಟನ್ ಬ್ಲಾಕನ್ನು ಎಳೆದುಕೊಂಡು ಹೋಗಬಹುದು. ಈ ಲೆಕ್ಕ ಮೊದಲ ಸಲ ಹಾಕಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದಕ್ಕೂ ವಿಸ್ತರಣೆಗೂ ಏನು ಸಂಬಂಧ? ಇಲ್ಲೇ ಇದೆ. ಹಳೆಯ ಜೆಟ್ಟಿಯ ತುದಿಗೆ ಹೊಸ ತುಂಡು ಬೋಲ್ಟ್ ಹಾಕಿ ಸೇರಿಸಿದರೆ ಹೊಸ ದೋಣಿಗಳ ಎಳೆತವೆಲ್ಲ ಹಳೆಯ ಸರಪಳಿಗೂ ಹೋಗುತ್ತದೆ. ಆ ಸರಪಳಿ, ಆ ಬ್ಲಾಕು ಹಾಕಿದ್ದು ಹಳೆಯ ದೋಣಿಗಳ ಲೆಕ್ಕಕ್ಕೆ. ಅದೂ ಆಗಿನ ಚಿಕ್ಕ ದೋಣಿಗಳು. ಈಗ ಒಂದೊಂದು ದೋಣಿಯೂ ಉದ್ದ, ಎತ್ತರ ಎರಡರಲ್ಲೂ ಜಾಸ್ತಿಯಾಗಿದೆ. ಮನೆಯ ಮೇಲೆ ಮಹಡಿ ಕಟ್ಟುವವರು ಮೊದಲು ಪಾಯ ನೋಡುತ್ತಾರೆ ಅಲ್ವಾ? ನಮ್ಮ ಪಾಯ ನೀರಿನ ಕೆಳಗಿದೆ, ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಎರಡನೇ ಮಹಾಯುದ್ಧದ ನಡುವೆ, 1942ರ ಮೇ ತಿಂಗಳಲ್ಲಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಕಡಲತೀರದಲ್ಲಿ ಬಳಸುವ ಜೆಟ್ಟಿಗಳ ಬಗ್ಗೆ ತಮ್ಮ ಅಧಿಕಾರಿಗಳಿಗೆ ಒಂದು ಪುಟ್ಟ ಟಿಪ್ಪಣಿ ಬರೆದರು. ಉಬ್ಬರ ಇಳಿತದ ಜೊತೆ ಅವು ಏರಿಳಿಯಬೇಕು, ಲಂಗರಿನ ಸಮಸ್ಯೆ ಬಗೆಹರಿಯಲೇಬೇಕು ಅನ್ನುವುದು ಅದರ ತಿರುಳು. ಅಷ್ಟು ಚಿಕ್ಕ ಟಿಪ್ಪಣಿಯಲ್ಲೂ ಲಂಗರಿಗೆ ಜಾಗ ಇತ್ತು. ಮುಂದೆ 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಸೈನ್ಯ, ಸಾಮಾನು ಇಳಿಸಲು ಮಲ್ಬೆರಿ ಅನ್ನುವ ಎರಡು ಕೃತಕ ಬಂದರುಗಳನ್ನು ಜೋಡಿಸಿದರು. ತೇಲುವ ರಸ್ತೆಗಳು, ಕಾಂಕ್ರೀಟ್ ಪೆಟ್ಟಿಗೆಗಳು, ಹೊರಗಡೆ ಉಕ್ಕಿನ ತೇಲುವ ಅಲೆತಡೆಗಳು. ಜೂನ್ 19ಕ್ಕೆ ಶುರುವಾದ ಬಿರುಗಾಳಿ ಮೂರು ದಿನ ಬೀಸಿತು. ಹೊರಗಿನ ಅಲೆತಡೆಗಳು ಕಿತ್ತುಬಂದವು. ಒಮಾಹಾ ತೀರದ ಬಂದರು ರಿಪೇರಿಗೂ ಸಿಗದಷ್ಟು ಹಾಳಾಯಿತು. ಆರೊಮಾಂಶ್ ಹತ್ತಿರದ ಇನ್ನೊಂದನ್ನು ಸರಿಮಾಡಿ ತಿಂಗಳುಗಟ್ಟಲೆ ಬಳಸಿದರು. ದೇಶ ದೇಶಗಳ ಎಂಜಿನಿಯರುಗಳು ಸೇರಿ ಕಟ್ಟಿದ್ದರ ಕಥೆಯೇ ಹೀಗಾದರೆ, ನಾವು ನಾಲ್ಕು ಜನ ಭಾನುವಾರ ಸೇರಿ ಕಟ್ಟುವಾಗ ಎಷ್ಟು ಹುಷಾರಾಗಿರಬೇಕು.

ಸರಪಳಿಯ ಬದಲು ಕಂಬ ಹೂಡಿ, ಅದಕ್ಕೆ ಬಳೆಯಂಥ ಕಟ್ಟು ಹಾಕಿ, ಜೆಟ್ಟಿ ಅದರಲ್ಲಿ ಮೇಲೆ ಕೆಳಗೆ ಜಾರುವಂತೆ ಮಾಡುವುದೂ ಉಂಟು. ತಳ ಗಟ್ಟಿ ಇದ್ದು ಆಳ ಕಡಿಮೆ ಇದ್ದರೆ ನನಗೆ ಅದೇ ಇಷ್ಟ. ಜೆಟ್ಟಿ ಅತ್ತಿತ್ತ ಅಲೆಯುವುದಿಲ್ಲ, ಕಂಬ ಎಲ್ಲರ ಕಣ್ಣಿಗೂ ಕಾಣುತ್ತದೆ, ಸವೆತವೂ ಕಾಣುತ್ತದೆ. ಆದರೆ ಕಂಬದ ಎತ್ತರದಲ್ಲಿ ಜಿಪುಣತನ ಮಾಡಬಾರದು. ಬಿರುಗಾಳಿಯ ದಿನ ಉಬ್ಬರವೂ ಸೇರಿ ನೀರು ಎಲ್ಲಿಯವರೆಗೆ ಏರಬಹುದೋ ಅದಕ್ಕಿಂತ ಕಂಬ ಎತ್ತರ ಇರಬೇಕು. ಇಲ್ಲದಿದ್ದರೆ ಜೆಟ್ಟಿ ಕಂಬದ ತುದಿ ದಾಟಿ ಕಳಚಿಕೊಳ್ಳುತ್ತದೆ.

ಸಭೆಯಲ್ಲಿ ಒಬ್ಬರು "ಹೊಸ ಜೆಟ್ಟಿ ಬಂದರೆ ಅಲೆಯೂ ತಡೆಯುತ್ತೆ, ಒಳಗಿನ ದೋಣಿಗಳಿಗೆ ನೆಮ್ಮದಿ" ಅಂದರು. ಸ್ವಲ್ಪ ಮಾತ್ರ ನಿಜ. ಹತ್ತಿರ ಹಾದುಹೋಗುವ ದೋಣಿ ಎಬ್ಬಿಸುವ ಕಿರು ಅಲೆಗಳನ್ನು ಅಗಲವಾದ, ಭಾರವಾದ ಜೆಟ್ಟಿ ಒಂದಿಷ್ಟು ಮುರಿಯುತ್ತದೆ. ಆದರೆ 6 ಸೆಕೆಂಡಿಗೊಂದು ಬರುವ ಅಲೆಯ ಉದ್ದ ಆಳ ನೀರಿನಲ್ಲಿ 56 ಮೀಟರ್. ಅದರ ಮುಂದೆ ನಮ್ಮ ಎರಡೂವರೆ ಮೀಟರ್ ಅಗಲದ ಜೆಟ್ಟಿ ಒಂದು ಎಲೆ. ಅಲೆಯ ಮೇಲೆ ಏರಿ ಇಳಿಯುತ್ತದೆ, ಅಲೆ ಒಳಗೆ ಬಂದೇ ಬರುತ್ತದೆ. ದೊಡ್ಡ ಅಲೆ ಬರುವ ಬಾಯಿಯಲ್ಲಿ ತೇಲುವ ಜೆಟ್ಟಿ ಹಾಕುವ ಯೋಚನೆಯನ್ನು ದಯವಿಟ್ಟು ಬಿಡೋಣ.

ಪೆಟ್ಟಿಗೆಯ ಒಳಗೆ ಏನು ತುಂಬುತ್ತೇವೆ ಅನ್ನುವುದರ ಬಗ್ಗೆ ನನಗೆ ತುಂಬಾ ಹಟ ಇದೆ. ಬರಿ ಥರ್ಮೋಕೋಲ್ ದಿಮ್ಮಿಯನ್ನು ಹಲಗೆ ಕೆಳಗೆ ಕಟ್ಟುವುದು ಎಲ್ಲಕ್ಕಿಂತ ಅಗ್ಗ. ಹಾಗೆ ಮಾಡಿದ ಒಂದು ಹಳೆಯ ಜೆಟ್ಟಿಯನ್ನು ಬಿಚ್ಚಲು ನಾನು ಕೈಜೋಡಿಸಿದ್ದೆ. ಮುಟ್ಟಿದರೆ ಸಾಕು, ಸಾಬಕ್ಕಿಯಂಥ ಬಿಳಿ ಕಾಳುಗಳು ಉದುರಿ ನೀರಿನ ಮೇಲೆಲ್ಲ ಹರಡಿದವು. ಬಲೆ ಹಾಕಿ ಬಳಿದೆವು. ಅರ್ಧವೂ ಸಿಗಲಿಲ್ಲ. ಹಕ್ಕಿ, ಮೀನು ಅದನ್ನು ತಿನ್ನುತ್ತವೆ. ಹಾಗಾಗಿ ಗಟ್ಟಿ ಪ್ಲಾಸ್ಟಿಕ್ ಕವಚದೊಳಗೋ ಕಾಂಕ್ರೀಟ್ ಕವಚದೊಳಗೋ ಮುಚ್ಚಿದ್ದೇ ಬೇಕು. ಎಣ್ಣೆಯ ಹಳೆ ಡ್ರಮ್ಮುಗಳೂ ಬೇಡ. ತುಕ್ಕು ಹಿಡಿದು ತೂತಾಗುತ್ತವೆ, ಒಳಗೆ ಉಳಿದದ್ದು ನೀರಿಗೆ ಸೇರುತ್ತದೆ.

ಒಳಗೆ ಟೊಳ್ಳಿರುವ ಪೆಟ್ಟಿಗೆ ಆದರೆ ಇನ್ನೊಂದು ಎಚ್ಚರ. ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ಸರೋವರದ ಮೇಲೆ ಕಾಂಕ್ರೀಟ್ ಪೆಟ್ಟಿಗೆಗಳ ಮೇಲೆ ತೇಲುವ ಒಂದು ಹೆದ್ದಾರಿ ಸೇತುವೆ 1940ರಿಂದ ಇತ್ತು. 1990ರಲ್ಲಿ ಅದರ ರಿಪೇರಿ ನಡೆದಿತ್ತು. ಕೆಲಸದ ಕೊಳೆನೀರನ್ನು ಪೆಟ್ಟಿಗೆಗಳ ಒಳಗೇ ತುಂಬಿಟ್ಟಿದ್ದರು. ಕೆಲವು ಬಾಗಿಲುಗಳು ತೆರೆದೇ ಇದ್ದವು. ನವೆಂಬರ್ ಕೊನೆಯ ವಾರ ಬಿರುಗಾಳಿ ಮಳೆ ಬಂದು ನೀರು ಒಳಗೆ ಹೊಕ್ಕಿತು. ಐವತ್ತು ವರ್ಷ ನಿಂತ ಸೇತುವೆ ಮುಳುಗಿಹೋಯಿತು. ಪಕ್ಕದ ಸೇತುವೆಯ ಲಂಗರಿನ ಕೇಬಲ್‌ಗಳನ್ನೂ ಕತ್ತರಿಸಿಕೊಂಡು ಹೋಯಿತು. ಪೆಟ್ಟಿಗೆಯೊಳಗೆ ಅಡ್ಡ ಗೋಡೆಗಳಿರಲಿ, ಮುಚ್ಚಳ ಹಾಕಿದೆಯಾ ಅಂತ ನೋಡುವ ಕೆಲಸ ಒಬ್ಬರ ಹೆಸರಿಗೆ ಇರಲಿ ಅನ್ನುವುದು ಇದಕ್ಕೇ.

ದಡದಿಂದ ಜೆಟ್ಟಿಗೆ ಇಳಿಯುವ ಕಿರುಸೇತುವೆಯ ಬಗ್ಗೆ ಎರಡು ಮಾತು. ನೀರು 3 ಮೀಟರ್ ಇಳಿಯುವ ಜಾಗದಲ್ಲಿ ಗಾಲಿಕುರ್ಚಿಗೆ ಹಿತವಾದ ಇಳಿಜಾರು, ಅಂದರೆ ಹನ್ನೆರಡು ಮೀಟರಿಗೆ ಒಂದು ಮೀಟರ್, ಬೇಕಾದರೆ ಸೇತುವೆ 36 ಮೀಟರ್ ಉದ್ದ ಬೇಕು. ಅಷ್ಟುದ್ದ ಎಲ್ಲ ಕಡೆ ಆಗುವುದಿಲ್ಲ. ಅಮೆರಿಕದ ನಿಯಮದಲ್ಲೂ 80 ಅಡಿ ಉದ್ದ ಇದ್ದರೆ ಇಳಿಜಾರಿನ ವಿಷಯದಲ್ಲಿ ರಿಯಾಯಿತಿ ಕೊಟ್ಟಿದ್ದಾರೆ. ಆದರೆ ಆಗುವುದಿಲ್ಲ ಅಂತ ಮೊದಲೇ ಕೈಬಿಟ್ಟು ಆರು ಮೀಟರಿನ ತುಂಡು ಹಾಕಿಬಿಟ್ಟರೆ ಇಳಿತದಲ್ಲಿ ಅದು ಏಣಿಯಾಗುತ್ತದೆ. ಆಗ ತೇಲುವ ಜೆಟ್ಟಿ ಕಟ್ಟಿದ ಪ್ರಯೋಜನವೇ ಅರ್ಧ ಹೋಯಿತು.

ಏಣಿ ಅಂದಾಗ ನೆನಪಾಯಿತು. ಹೋದ ವರ್ಷ ನಾನು ಪ್ಯಾಂಟು, ಅಂಗಿ, ಶೂ ಹಾಕಿಕೊಂಡೇ ಜೆಟ್ಟಿಯಿಂದ ನೀರಿಗೆ ಇಳಿದೆ. ಜೊತೆಗೆ ಇಬ್ಬರು ಹಗ್ಗ ಹಿಡಿದು ನಿಂತಿದ್ದರು. ಹಲಗೆಯ ಅಂಚು ನೀರಿನಿಂದ ಬರೀ ಅರ್ಧ ಮೀಟರ್ ಮೇಲೆ. ಎರಡೂ ಕೈ ಅಂಚಿಗೆ ಸಿಕ್ಕಿದವು. ಮೈ ಮೇಲೇಳಲಿಲ್ಲ. ಕಾಲು ಜೆಟ್ಟಿಯ ಅಡಿಗೆ ತೇಲಿಹೋಗುತ್ತದೆ, ಒದೆಯಲು ಏನೂ ಸಿಗುವುದಿಲ್ಲ. ಚಿಪ್ಪು ತಾಗಿ ಅಂಗೈ ಕುಯ್ದುಕೊಂಡಿತು. ನಾನು ಚೆನ್ನಾಗಿ ಈಜುತ್ತೇನೆ, ಆದರೂ ಆಗಲಿಲ್ಲ. ರಾತ್ರಿ ಒಬ್ಬರೇ ಬಿದ್ದರೆ, ನೀರು ತಣ್ಣಗಿದ್ದರೆ? ನೀರಿನೊಳಗೆ ಮೂರು ಮೆಟ್ಟಿಲು ಇಳಿದಿರುವ ಏಣಿಗಳು ಹತ್ತಿರ ಹತ್ತಿರ ಬೇಕು. ಬಿದ್ದವರ ಕೈಗೆ ಎಟಕುವಂತಿರಬೇಕು. ಜೆಟ್ಟಿಗೆ ಕರೆಂಟ್ ಎಳೆಯುವುದಾದರೆ ಸೋರಿಕೆ ಆದ ಕ್ಷಣ ಕಡಿಯುವ ಸ್ವಿಚ್ಚು ಇಲ್ಲದೆ ಒಂದು ಬಲ್ಬೂ ಬೇಡ. ಸಿಹಿನೀರಿನಲ್ಲಂತೂ ಸೋರಿದ ಕರೆಂಟ್ ಈಜುವವರ ಪ್ರಾಣ ತೆಗೆದಿದೆ.

ಹಲಗೆಯ ವಿಷಯದಲ್ಲಿ ನನ್ನದು ಒಂದೇ ಬೇಡಿಕೆ. ನೀರಡಿಯಲ್ಲಿ ಹುಲ್ಲು ಬೆಳೆಯುವ ಕಡೆ, ಜೆಟ್ಟಿಯ ಮೇಲೆ ಗಟ್ಟಿ ಹಲಗೆಯ ಬದಲು ಜಾಲರಿ ಹಾಸೋಣ. ಬೆಳಕು ಕೆಳಗೆ ಇಳಿಯದಿದ್ದರೆ ಆ ಹುಲ್ಲು ಸಾಯುತ್ತದೆ, ಅದರಲ್ಲಿ ಅಡಗುವ ಮರಿಮೀನುಗಳಿಗೆ ನೆಲೆ ಇರುವುದಿಲ್ಲ.

ದುಡ್ಡಿನ ಮಾತು ಬಂದೇ ಬರುತ್ತದೆ. ಇರುವ ಹಣದಲ್ಲಿ ಎಂಟು ತುಂಡು ಆಗುತ್ತೆ ಅಂತ ಲೆಕ್ಕ ಮಾಡಿದ್ದೇವೆ. ಆರೇ ಮಾಡೋಣ ಅನ್ನುತ್ತೇನೆ ನಾನು. ಉಳಿದದ್ದರಲ್ಲಿ ಹಳೆಯ ಲಂಗರುಗಳನ್ನು ಬಲಪಡಿಸೋಣ, ಪ್ರತಿ ವರ್ಷ ಡೈವರ್ ಕರೆಸುವ ಖರ್ಚನ್ನು ಬೇರೆಯಾಗಿ ತೆಗೆದಿಡೋಣ. ಕಾಯುತ್ತಿರುವವರಿಗೆ ಎರಡು ತುಂಡಿನ ಜಾಗ ಕಡಿಮೆಯಾಗುತ್ತದೆ, ಗೊತ್ತು. ಅವರ ಮನೆಗೆ ಹೋಗಿ ಹೇಳುವ ಕೆಲಸ ನನಗೇ ಕೊಡಿ.

ಬರುವ ಭಾನುವಾರ ಡೈವರ್ ಬಂದು ಹಳೆಯ ಹದಿನಾಲ್ಕು ಸರಪಳಿಗಳನ್ನೂ ನೋಡಲು ಒಪ್ಪಿದ್ದಾರೆ. ಒಂದೊಂದು ಪಿನ್ನಿನ ದಪ್ಪ ಅಳೆದು ಬರೆದುಕೊಳ್ಳುತ್ತೇವೆ. ಹೊರಸಾಲಿನಲ್ಲಿ ದೋಣಿ ಇರುವವರು ಬೆಳಿಗ್ಗೆ 7ಕ್ಕೆ ಮೊದಲು ಸರಿಸಿಕೊಳ್ಳಿ. ಹಗ್ಗ ಹಿಡಿಯಲು ಇಬ್ಬರು, ಅಳತೆ ಬರೆದುಕೊಳ್ಳಲು ಒಬ್ಬರು ಬೇಕು. ಬರುವವರು ಕೆಳಗೆ ಹೆಸರು ಹಾಕಿ.