ಶೇಕಡ ನೂರರ ಫ್ಲೆಕ್ಸಿನಲ್ಲಿ ಕಾಣದ ಮಕ್ಕಳು

ಶಿಕ್ಷಕರ ವೃತ್ತಿಧರ್ಮ ಅಂದ್ರೆ ನಮ್ಮಲ್ಲಿ ಸೆಪ್ಟೆಂಬರ್ 5ರ ಭಾಷಣ. ಗುರುಬ್ರಹ್ಮ ಶ್ಲೋಕ, ಒಂದು ಶಾಲು, ಹಣ್ಣಿನ ಬುಟ್ಟಿ, ಆಮೇಲೆ ಊಟ. ಭಾಷಣದ ಮೇಲೆ ನನಗೆ ಸಿಟ್ಟೇನಿಲ್ಲ, ಊಟ ಚೆನ್ನಾಗಿಯೇ ಇರುತ್ತದೆ. ಆದರೆ ಆ ಧರ್ಮ ನಿಜವಾಗಿ ಪರೀಕ್ಷೆಗೆ ಬೀಳುವ ಜಾಗ ಬೇರೆ ಉಂಟು. ಅದು ಒಂಬತ್ತನೇ ಕ್ಲಾಸು. ಹತ್ತನೆಯ ರಿಸಲ್ಟ್ ಶೇ. 100 ಆಗಲಿ ಅಂತ ಹಿಂದೆ ಬಿದ್ದ ಮಕ್ಕಳನ್ನು ಕೆಲವು ಶಾಲೆಗಳು ಮೆಲ್ಲಗೆ ಹೊರಗೆ ಕಳಿಸುವುದು ಅಲ್ಲೇ.

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನಾವು ಮಾಡಬೇಕಾದ್ದು, ಮಾಡಬಾರದ್ದು ಬಹಳಷ್ಟು ಬರೆದಿದೆ. ಮಕ್ಕಳಿಗೆ ಹೊಡೆಯಬಾರದು, ಮನಸ್ಸಿಗೂ ಹಿಂಸೆ ಕೊಡಬಾರದು. ಹೊತ್ತಿಗೆ ಸರಿಯಾಗಿ ಬರಬೇಕು, ಪಾಠ ಮುಗಿಸಬೇಕು, ಹಿಂದೆ ಬಿದ್ದವರಿಗೆ ಜಾಸ್ತಿ ಹೇಳಿಕೊಡಬೇಕು. ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಎಲ್ಲ ಸರಿ. ಆದರೆ ಈ ಕೊನೆಯ ಮಾತು ಎಂಟನೇ ಕ್ಲಾಸಿನ ತನಕ ಮಾತ್ರ. ಅದಾದ ಮೇಲೆ ಮಗುವಿಗೆ ಆ ಕಾಯ್ದೆಯ ಕಾವಲಿಲ್ಲ. ಹತ್ತನೆಯ ಪಬ್ಲಿಕ್ ಪರೀಕ್ಷೆ ಎದುರಿಗೇ ಇರುತ್ತದೆ. ನಡುವೆ ಉಳಿಯುವುದು ನಾವು, ಟೀಚರುಗಳು.

ನಮ್ಮ ಕರಾವಳಿಗೆ ರಿಸಲ್ಟಿನ ಹೆಮ್ಮೆ ಜಾಸ್ತಿ. ಹೆಮ್ಮೆಗೆ ಕಾರಣವೂ ಉಂಟು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವೆಬ್‌ಕಾಸ್ಟಿಂಗ್, ಅಂದ್ರೆ ಪರೀಕ್ಷಾ ಕೋಣೆಗೆ ಕ್ಯಾಮೆರಾ ಕಾವಲು ಬಂತು, ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲೆ! ಆಗಲೂ ಉಡುಪಿ ಶೇ. 94 ತೆಗೆದು ಮೊದಲ ಸ್ಥಾನದಲ್ಲಿತ್ತು, ದಕ್ಷಿಣ ಕನ್ನಡ ಎರಡನೆಯದು. ಮಾರನೇ ವರ್ಷ ಅದಲು ಬದಲು, ಅಷ್ಟೇ. ಕ್ಯಾಮೆರಾ ಇಟ್ಟರೂ ನಾವು ಹೆದರಬೇಕಾಗಿರಲಿಲ್ಲ. ಇಷ್ಟು ಚೆನ್ನಾಗಿ ಕಲಿಸಬಲ್ಲವರು ನಾಲ್ಕು ಮಕ್ಕಳು ಫೇಲಾಗುತ್ತಾರೆ ಅಂತ ಯಾಕೆ ಹೆದರಬೇಕು? ನನಗೆ ಅರ್ಥವಾಗದ್ದು ಅದೇ.

ನಾನು ಉಡುಪಿ ಹತ್ತಿರದ ಸಣ್ಣ ಸರಕಾರಿ ಹೈಸ್ಕೂಲಿನಲ್ಲಿದ್ದೇನೆ. ಜೂನ್ ಬಂತೆಂದರೆ ಬೇರೆ ಶಾಲೆಗಳ ಟಿಸಿ ಹಿಡಿದುಕೊಂಡು ಕೆಲವು ಅಮ್ಮಂದಿರು ಬರುತ್ತಾರೆ. ಒಬ್ಬರು ಗದಗ ಕಡೆಯವರು, ಮಲ್ಪೆಯಲ್ಲಿ ಮೀನಿನ ಕೆಲಸ. ಮಗ ಒಂಬತ್ತು ಮುಗಿಸಿದ್ದ. ಟಿಸಿಯಲ್ಲಿ ಕಾರಣ ಅಂತ ಇರುವಲ್ಲಿ ನೀಲಿ ಶಾಯಿಯಲ್ಲಿ "ಪೋಷಕರ ಕೋರಿಕೆಯ ಮೇರೆಗೆ" ಎಂದು ಬರೆದಿತ್ತು. "ಟಿಸಿ ನೀವೇ ಕೇಳಿದ್ರಾ ಅಮ್ಮಾ?" ಎಂದೆ.

"ನಾ ಯಾಕ್ ಕೇಳ್ಲಿ ಅಕ್ಕೋರ? ಅವ್ರ ಕರ್ಸಿ, ಇಲ್ಲಿ ಹೆಬ್ಬೆಟ್ ಒತ್ತು ಅಂದ್ರು."

ಹುಡುಗ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಅಕ್ಷರ ಓದಲು ಬರುತ್ತದಲ್ಲ, ಆ ಸಾಲನ್ನು ಅವನೂ ಓದಿದ್ದಾನೆ.

ಇದರಲ್ಲಿ ಕಾನೂನು ಮುರಿದದ್ದು ಏನೂ ಕಾಣುವುದಿಲ್ಲ. ಹೊಡೆದಿಲ್ಲ, ಬೈದಿಲ್ಲ, ಹೊರಹಾಕಿಯೂ ಇಲ್ಲ, ಕಾಗದದ ಪ್ರಕಾರ. ಇನ್ನು ಕೆಲವು ಕಡೆ ಅಷ್ಟೂ ಬೇಡ, "ಪರೀಕ್ಷೆಗೆ ಪ್ರೈವೇಟ್ ಆಗಿ ಕಟ್ಟಿಸಿ, ಅವನಿಗೂ ಆರಾಮ" ಅಂತ ಪ್ರೀತಿಯಲ್ಲೇ ಹೇಳುತ್ತಾರೆ. ಏಪ್ರಿಲ್-ಮೇಯಲ್ಲಿ ಕಲ್ಸಂಕದಿಂದ ಮಣಿಪಾಲದವರೆಗೆ ಶೇ. 100 ರಿಸಲ್ಟಿನ ಫ್ಲೆಕ್ಸ್ ನೋಡುವಾಗ ನನಗೆ ಆ ನೀಲಿ ಶಾಯಿಯ ನೆನಪೇ ಬರುವುದು.

ಟೀಚರುಗಳನ್ನು ಸುಮ್ನೆ ಬೈಯುವುದೂ ತಪ್ಪು. ಮೇಲಿನಿಂದ ಒತ್ತಡ ಉಂಟು. ರಿಸಲ್ಟ್ ಇಳಿದರೆ ನೋಟಿಸು ಬರುವುದು ನಮಗೆ. ಖಾಸಗಿಯವರಾದರೆ ಕೆಲಸಕ್ಕೇ ಸಂಚಕಾರ. ಮಳೆಗೆ ರಜೆ ಕೊಟ್ಟರೆ ಶನಿವಾರ ಪಾಠ ಮಾಡಿ ಸರಿದೂಗಿಸಬೇಕು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರದ ಜಾತಿ ಸಮೀಕ್ಷೆಗೆ ಮನೆ ಮನೆ ಸುತ್ತಿದವರೂ ನಾವೇ. ಇಷ್ಟೆಲ್ಲ ಮಾಡಿ, ಓದಲು ತಡವರಿಸುವ ಹುಡುಗನ ಹತ್ತಿರ ಕೂತುಕೊಳ್ಳಲು ಹೊತ್ತೆಲ್ಲಿ ಅಂತ ಕೇಳಿದರೆ ಪ್ರಶ್ನೆ ನ್ಯಾಯದ್ದೇ. ಆದರೆ ಹೊತ್ತಿಲ್ಲದಿರುವುದು ಬೇರೆ, ಸುಳ್ಳು ಕಾರಣ ಬರೆದು ಸಹಿ ಹಾಕುವುದು ಬೇರೆ ಅಲ್ವಾ? ಎರಡನೆಯದನ್ನು ಮಾಡಲಾರೆ ಎಂದು ಸ್ಟಾಫ್ ಮೀಟಿಂಗಿನಲ್ಲಿ ಒಬ್ಬರಾದರೂ ಹೇಳಬೇಕು. ಹೇಳಿದವರನ್ನು ನಾನು ನೋಡಿದ್ದೇನೆ. ಅವರ ಕೆಲಸ ಹೋಗಲಿಲ್ಲ.

ಪೋಷಕರಿಗೊಂದು ಮಾತು. ಶೇ. 100 ಅಂತ ಹೇಳುವ ಶಾಲೆಗೆ ಮಗುವನ್ನು ಸೇರಿಸುವ ಮೊದಲು ಎರಡು ಸಂಖ್ಯೆ ಕೇಳಿ. ಈ ಬ್ಯಾಚಿನಲ್ಲಿ ಎಂಟನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದರು? ಹತ್ತನೆಯಲ್ಲಿ ಹಾಲ್ ಟಿಕೆಟ್ ಎಷ್ಟು ಜನಕ್ಕೆ ಬಂತು? ನೆನಪಿಲ್ಲ ಅಂದರೆ ದಾಖಲಾತಿ ರಿಜಿಸ್ಟರ್ ಉಂಟಲ್ಲ, ಟಿಸಿ ಕೊಟ್ಟ ತಾರೀಖು ಸಮೇತ ಅದರಲ್ಲಿರುತ್ತದೆ.