ಮೂರು ಸಲ ಓದಿ ಸುಟ್ಟುಬಿಡು

ಅಮೆರಿಕದ ಮಾಜಿ ಸಂಸದ ಜಾರ್ಜ್ ಸ್ಯಾಂಟೋಸ್ ಅವರು ವಂಚನೆಗಾಗಿ ಪಡೆದ ಏಳು ವರ್ಷಕ್ಕೂ ಮೀರಿದ ಶಿಕ್ಷೆಯಲ್ಲಿ ಮೂರು ತಿಂಗಳನ್ನೂ ಪೂರೈಸದೆ, 2025ರ ಅಕ್ಟೋಬರಿನಲ್ಲಿ ಅಧ್ಯಕ್ಷರ ಕೃಪೆಯಿಂದ ಸೆರೆಮನೆಯ ಹೊರಗೆ ಕಾಲಿಟ್ಟಾಗ, ಗಣರಾಜ್ಯ ಕಟ್ಟಿದ ಹಿರಿಯರ ಆತ್ಮ ಎಷ್ಟು ನೊಂದಿತೋ ಎಂದು ಮರುಗಿದವರಿಗೆ ಕೊರತೆಯಿರಲಿಲ್ಲ. ಮರುಗುವ ಅಗತ್ಯವಿಲ್ಲ. ಆ ಹಿರಿಯರ ಸಾಲಿನಲ್ಲಿಯೇ ವಿಲಿಯಂ ಬ್ಲಂಟ್ ಎಂಬ ಮಹನೀಯರಿದ್ದಾರೆ. ಅವರ ಆತ್ಮವೇನಾದರೂ ನೊಂದಿದ್ದರೆ, ಸ್ಯಾಂಟೋಸ್ ಮೂರು ತಿಂಗಳ ಸೆರೆವಾಸವನ್ನಾದರೂ ಏಕೆ ಅನುಭವಿಸಬೇಕಿತ್ತು ಎಂಬ ಕಾರಣಕ್ಕೆ ಮಾತ್ರ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನಕ್ಕೆ ಸಹಿ ಹಾಕುವಾಗಲೇ ಬ್ಲಂಟ್ ತಮ್ಮ ಪ್ರತಿಭೆ ತೋರಿಸಿದ್ದರು. ತಾವು ಈ ಯೋಜನೆಯನ್ನು ಬೆಂಬಲಿಸುವ ಮಾತು ಕೊಡುತ್ತಿಲ್ಲ, ಎಲ್ಲ ರಾಜ್ಯಗಳೂ ಒಪ್ಪಿದವೆಂಬುದಕ್ಕೆ ಕೇವಲ ಸಾಕ್ಷಿ ಹಾಕುತ್ತಿದ್ದೇವೆ ಎಂದು ಹೇಳಿಯೇ ಲೇಖನಿ ಹಿಡಿದರು. 1790ರಲ್ಲಿ ವಾಷಿಂಗ್ಟನ್ ಅವರು ಈ ಎಚ್ಚರದ ಮನುಷ್ಯನನ್ನು ಮುಂದೆ ಟೆನ್ನೆಸ್ಸೀಯಾಗಲಿದ್ದ ಪ್ರಾಂತ್ಯಕ್ಕೆ ಗವರ್ನರ್ ಆಗಿ ನೇಮಿಸಿ, ಮೂಲನಿವಾಸಿಗಳ ವ್ಯವಹಾರದ ಉಸ್ತುವಾರಿಯನ್ನೂ ವಹಿಸಿದರು. ಬ್ಲಂಟ್ ಸಹೋದರರು ಅದೇ ಸೀಮೆಯ ಜಮೀನಿನ ಮೇಲೆ ಲಕ್ಷಾಂತರ ಎಕರೆಗಳ ಸಟ್ಟಾ ನಡೆಸುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆ ಇಲ್ಲಿ ಸಾಲದು; ಇಲ್ಲಿ ಬೇಲಿಯು ಹೊಲದ ಪಹಣಿಯನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡಿತ್ತು.

1796ರಲ್ಲಿ ಟೆನ್ನೆಸ್ಸೀ ರಾಜ್ಯವಾಯಿತು, ಬ್ಲಂಟ್ ಅದರ ಮೊದಲ ಇಬ್ಬರು ಸೆನೆಟರುಗಳಲ್ಲಿ ಒಬ್ಬರಾದರು. ಅಷ್ಟರಲ್ಲಿ ಜಮೀನಿನ ದರ ಕುಸಿಯತೊಡಗಿತು. ಲೂಸಿಯಾನ ಸ್ಪೇನಿನ ಕೈಯಿಂದ ಫ್ರಾನ್ಸಿಗೆ ಹೋದರೆ ತಮ್ಮ ಎಕರೆಗಳಿಗೆ ಬೆಲೆಯೇ ಉಳಿಯದೆಂದು ಹೆದರಿದ ಸೆನೆಟರು, ಚೆರೋಕಿ ಮತ್ತು ಕ್ರೀಕ್ ಮೂಲನಿವಾಸಿಗಳನ್ನು ಮುಂದೆ ಬಿಟ್ಟು ಆ ಸೀಮೆಯನ್ನು ಬ್ರಿಟಿಷರಿಗೆ ಗೆದ್ದುಕೊಡುವ ಸಂಚಿಗೆ ಕೈಹಾಕಿದರು. ಸರ್ಕಾರದ ಸಂಬಳ ಉಣ್ಣುತ್ತಿದ್ದ ದುಭಾಷಿ ಜೇಮ್ಸ್ ಕೇರಿಗೆ 1797ರ ಏಪ್ರಿಲಿನಲ್ಲಿ ಬರೆದ ಪತ್ರವನ್ನು ಆಡಳಿತ ತರಬೇತಿಯ ಪಠ್ಯದಲ್ಲಿ ಸೇರಿಸಬೇಕು. ಬ್ಲಂಟ್ ಮಾಡಿಸಿದ ಒಪ್ಪಂದವನ್ನು ಚೆರೋಕಿಗಳು ದೂರಿದರೆ ತಪ್ಪನ್ನು ಹಿಂದಿನ ಅಧ್ಯಕ್ಷರ ಮೇಲೆ ಹೊರಿಸಬೇಕು, ಅವರು ಅಧಿಕಾರ ಬಿಟ್ಟಿರುವುದರಿಂದ ಯಾರು ಎಷ್ಟು ಬೈದರೂ ಬಾಧಕವಿಲ್ಲ ಎಂದು ಅದರಲ್ಲಿದೆ. ಆ ಹಿಂದಿನ ಅಧ್ಯಕ್ಷರು ಜಾರ್ಜ್ ವಾಷಿಂಗ್ಟನ್. ಕೊನೆಯಲ್ಲಿ, ಪತ್ರವನ್ನು ಮೂರು ಸಲ ಓದಿ ಸುಟ್ಟುಬಿಡು ಎಂಬ ಸೂಚನೆ. ಒಮ್ಮೆ ಓದಿದೊಡನೆ ಸುಡು ಎಂದಿದ್ದರೆ ಏನಾಗುತ್ತಿತ್ತೋ. ತನ್ನ ಗದ್ಯದ ಮೇಲೆ ಲೇಖಕನಿಗಿದ್ದ ಮೋಹವೇ ಅವನನ್ನು ಕೆಡಿಸಿತು ಎಂದು ನನ್ನ ಗುಮಾನಿ.

ಸುಡದ ಪತ್ರ ಅಧ್ಯಕ್ಷ ಆಡಮ್ಸ್ ಅವರನ್ನು ತಲುಪಿ ಜುಲೈ 3ರಂದು ಸೆನೆಟ್ಟಿಗೆ ಬಂತು. ಕೆಳಮನೆ ಮಹಾಭಿಯೋಗ ಹೂಡಿದ ಮರುದಿನವೇ, ಜುಲೈ 8ರಂದು, ಸೆನೆಟ್ 25-1 ಮತಗಳಿಂದ ಬ್ಲಂಟರನ್ನು ಹೊರಹಾಕಿತು. ವಿಚಾರಣೆ ಬಾಕಿಯಿತ್ತು. ಅದನ್ನು ನಡೆಸಿಕೊಡುವ ಪ್ರತಿನಿಧಿಗಳನ್ನು ಆರಿಸಲು 1798ರ ಜನವರಿ 30ರಂದು ಕೆಳಮನೆಯಲ್ಲಿ ಮತದಾನ ನಡೆಯುತ್ತಿದ್ದಾಗ, ವರ್ಮಾಂಟಿನ ಮ್ಯಾಥ್ಯೂ ಲಯನ್ ಅವರು ಕನೆಕ್ಟಿಕಟ್ಟಿನ ರೋಜರ್ ಗ್ರಿಸ್ವೋಲ್ಡ್ ಅವರ ಮುಖಕ್ಕೆ ಉಗಿದರು. ಎರಡು ವಾರದ ಬಳಿಕ ಗ್ರಿಸ್ವೋಲ್ಡ್ ಬೆತ್ತ ಹಿಡಿದು ಬಂದರು, ಲಯನ್ ಅಗ್ಗಿಷ್ಟಿಕೆಯ ಇಕ್ಕಳ ಎತ್ತಿಕೊಂಡರು. ದೇಶದ್ರೋಹದ ಸಂಚಿಗೆ ಗಮನ ಕೊಡಬೇಕಾಗಿದ್ದ ಸದನ ಉಗುಳಿನ ವಿಷಯವನ್ನು ಸವಿಸ್ತಾರವಾಗಿ ಚರ್ಚಿಸಿ, ಇಬ್ಬರನ್ನೂ ಹೊರಹಾಕದೆ ಉಳಿಸಿಕೊಂಡಿತು.

ಇತ್ತ ಬ್ಲಂಟ್ ಟೆನ್ನೆಸ್ಸೀಗೆ ಮರಳಿದರು. ಅವರನ್ನು ಹಿಡಿದು ತರಲು ಹೋದ ಸೆನೆಟ್ಟಿನ ಅಧಿಕಾರಿಗೆ ಊರಿನವರು ಚೆನ್ನಾಗಿ ಉಪಚರಿಸಿ ಬರಿಗೈಯಲ್ಲಿ ಬೀಳ್ಕೊಟ್ಟರೆಂದು ಹೇಳುತ್ತಾರೆ. 1798ರಲ್ಲಿ ಜನ ಅವರನ್ನು ರಾಜ್ಯದ ಸೆನೆಟ್ಟಿಗೆ ಆರಿಸಿದರು, ಆ ಸೆನೆಟ್ ಅವರನ್ನು ತನ್ನ ಸಭಾಧ್ಯಕ್ಷರನ್ನಾಗಿ ಮಾಡಿತು. ಗೊತ್ತಿಲ್ಲದೆ ಮೋಸಹೋದವರನ್ನು ಕ್ಷಮಿಸಬಹುದು, ಆದರೆ ಇವರಿಗೆ ಎಲ್ಲವೂ ಗೊತ್ತಿತ್ತು. ಪತ್ರ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಕಳ್ಳನಾದರೂ ನಮ್ಮ ಕಳ್ಳ ಎಂದು ಕಣ್ಣರಳಿಸುವ ಮತದಾರರ ಮುಂದೆ ಯಾವ ಸಂವಿಧಾನ ತಾನೇ ಏನು ಮಾಡೀತು? ಹಾಸ್ಯ ಬರೆಯುತ್ತ ಕುಳಿತವನಿಗೂ ಇಲ್ಲಿ ಸಾಕಾಗುತ್ತದೆ. 1791ರ ಹೋಲ್ಸ್ಟನ್ ಒಪ್ಪಂದದಲ್ಲಿ ಉಳಿದ ಭೂಮಿಯೆಲ್ಲ ನಿಮ್ಮದೇ ಎಂದು ಚೆರೋಕಿಗಳಿಗೆ ಇದೇ ಮನುಷ್ಯ ಸಹಿ ಹಾಕಿ ಭರವಸೆ ಕೊಟ್ಟಿದ್ದರು. 1838ರಲ್ಲಿ ಸೈನಿಕರು ಆ ಜನರನ್ನು ಮನೆಗಳಿಂದ ಎಬ್ಬಿಸಿ ಅಟ್ಟಿದರು, ಸಾವಿರಾರು ಜನ ಸತ್ತರು. ಅವರ ಪರವಾಗಿ ಯಾರ ಮೇಲೂ ಮಹಾಭಿಯೋಗ ನಡೆಯಲಿಲ್ಲ.

ಬ್ಲಂಟರ ಮೇಲಿನದೂ ನಡೆಯಲಿಲ್ಲವೆನ್ನಿ. ಸೆನೆಟರು ಮಹಾಭಿಯೋಗಕ್ಕೆ ಒಳಪಡುವ ಅಧಿಕಾರಿಯಲ್ಲ, ಮೇಲಾಗಿ ಈಗ ಸೆನೆಟರೂ ಅಲ್ಲ ಎಂದು ಅವರ ವಕೀಲರು ವಾದಿಸಿದರು. 1799ರ ಜನವರಿಯಲ್ಲಿ ಸೆನೆಟ್, ಎರಡರಲ್ಲಿ ಯಾವ ಕಾರಣವನ್ನು ಒಪ್ಪಿದ್ದೇನೆಂದು ಹೇಳದೆಯೇ, ತನಗೆ ವಿಚಾರಣಾಧಿಕಾರವಿಲ್ಲವೆಂದು 14-11ರಿಂದ ಪ್ರಕರಣವನ್ನು ಕೈಬಿಟ್ಟಿತು. ಹುದ್ದೆ ಬಿಟ್ಟವರನ್ನು ವಿಚಾರಿಸುವಂತಿಲ್ಲ ಎಂಬ ವಾದ 2021ರಲ್ಲಿ ಟ್ರಂಪ್ ಅವರ ವಕೀಲರ ಬಾಯಲ್ಲೂ ಕೇಳಿಬಂತು. ಬ್ಲಂಟ್ 1800ರಲ್ಲಿ ನಾಕ್ಸ್‌ವಿಲ್‌ನಲ್ಲಿ ತೀರಿಕೊಂಡರು. 1809ರಲ್ಲಿ ಅವರ ಮಲಸಹೋದರ ವಿಲಿ ಬ್ಲಂಟ್ ಟೆನ್ನೆಸ್ಸೀಯ ಗವರ್ನರ್ ಆಗಿ ಆಯ್ಕೆಯಾದರು.